ಶನಿವಾರದ ಪಂದ್ಯ

ಇಂಗ್ಲೆಂಡಿನ ಕೈಗಾರಿಕಾ ನಗರಗಳಲ್ಲಿ ಶನಿವಾರದ ಮಧ್ಯಾಹ್ನಕ್ಕೆ ಒಂದು ವಿಶೇಷ ಮಹತ್ತ್ವವುಂಟು. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಅಲ್ಲಿಯ ಬಟ್ಟೆಯ ಗಿರಣಿಗಳೂ ಕಬ್ಬಿಣದ ಕಾರ್ಖಾನೆಗಳೂ ಆ ದಿನ ಮಧ್ಯಾಹ್ನದಿಂದ ಕೆಲಸಗಾರರಿಗೆ ಬಿಡುವು ಕೊಡಲಾರಂಭಿಸಿದುವು. ವಾರವೆಲ್ಲ ಯಂತ್ರಗಳ ಗದ್ದಲದಲ್ಲಿ ದುಡಿದ ಜನ ಕೈಕಾಲು ತೊಳೆದುಕೊಂಡು ಕಾಲ್ಚೆಂಡಾಟದ ಬಯಲಿಗೆ ನಡೆದರು. ಊರೂರಿನಲ್ಲಿ ಸಂಘಗಳು ಹುಟ್ಟಿದುವು. 1888ರಲ್ಲಿ ಅಂತಹ ಹನ್ನೆರಡು ಸಂಘಗಳು ಕೂಡಿ, ಯಾವ ದಿನ ಯಾರು ಯಾರೊಡನೆ ಎಲ್ಲಿ ಆಡಬೇಕೆಂಬುದನ್ನು ಮುಂಚಿತವಾಗಿಯೇ ಗೊತ್ತುಪಡಿಸಿಕೊಂಡು ಆಡುವ ಒಂದು ಏರ್ಪಾಡನ್ನು ಮಾಡಿಕೊಂಡುವು. ಅದೇ ‘ಫುಟ್‌ಬಾಲ್ ಲೀಗ್’. ಮುಂದೆ ನಾನಾ ದೇಶಗಳಲ್ಲಿ ಹುಟ್ಟಿಕೊಂಡ ಲೀಗುಗಳಿಗೆ ಅದು ಮಾದರಿಯಾಯಿತು.

ಲೀಗಿನ ಆಟಕ್ಕೂ ಕಪ್ಪಿನ ಆಟಕ್ಕೂ ವ್ಯತ್ಯಾಸವಿದೆ. ಕಪ್ಪಿನ ಸ್ಪರ್ಧೆಯಲ್ಲಿ ಸೋತವರು ಅಂದೇ ಹೊರಗಾಗುತ್ತಾರೆ. ದುರ್ಬಲವಾದ ತಂಡವೂ ಒಂದು ದಿನದ ಆವೇಶದಿಂದ ಬಲಶಾಲಿಗಳನ್ನು ಮಣ್ಣುಮುಕ್ಕಿಸಬಹುದು. ಲೀಗಿನಲ್ಲಿ ಹಾಗಲ್ಲ. 1957-58ರ ಆಟದ ಋತುವಿನಲ್ಲಿ ಇಂಗ್ಲೆಂಡಿನ ಪ್ರಥಮ ದರ್ಜೆಯ ಲೀಗಿನಲ್ಲಿ 22 ತಂಡಗಳಿದ್ದುವು. ಪ್ರತಿಯೊಂದು ತಂಡವೂ ಉಳಿದ 21 ತಂಡಗಳೊಡನೆ ತನ್ನ ಅಂಗಳದಲ್ಲಿ ಒಮ್ಮೆ, ಎದುರಾಳಿಯ ಅಂಗಳದಲ್ಲಿ ಒಮ್ಮೆ, ಒಟ್ಟು 42 ಪಂದ್ಯಗಳನ್ನು ಆಡಬೇಕು. ಗೆದ್ದರೆ ಎರಡು ಅಂಕ, ಸಮನಾದರೆ ಒಂದು, ಸೋತರೆ ಏನೂ ಇಲ್ಲ. ಆಗಸ್ಟಿನಲ್ಲಿ ತೊಡಗಿದ ಆಟ ಏಪ್ರಿಲಿನ ಕೊನೆಗೆ ಮುಗಿಯುವಾಗ ಯಾರ ಅಂಕ ಹೆಚ್ಚೋ ಅವರು ದೇಶದ ವಿಜೇತರು. ತಳದಲ್ಲಿ ಉಳಿದ ಎರಡು ತಂಡಗಳು ಎರಡನೆಯ ದರ್ಜೆಗೆ ಇಳಿಯಬೇಕು. ಪಂದ್ಯದ ನಡುವೆ ಗಾಯಗೊಂಡವನ ಬದಲಿಗೆ ಇನ್ನೊಬ್ಬನನ್ನು ಇಳಿಸುವ ಪದ್ಧತಿಯೂ ಆಗ ಇರಲಿಲ್ಲ. ಅದು ಅಲ್ಲಿ ಬಂದದ್ದು 1965ರಲ್ಲಿ. ಋತುವಿನ ಆರಂಭಕ್ಕೆ ಮೊದಲೇ ಅಚ್ಚಾಗುತ್ತಿದ್ದ ವೇಳಾಪಟ್ಟಿ ಯಾರ ಕಷ್ಟಸುಖವನ್ನೂ ವಿಚಾರಿಸುತ್ತಿರಲಿಲ್ಲ. ಶನಿವಾರ ಬಂದಿತೆಂದರೆ ಹನ್ನೊಂದು ಮಂದಿ ಅಂಗಳಕ್ಕೆ ಇಳಿಯಲೇಬೇಕು.

ಆ ವರ್ಷ ಎಲ್ಲರ ದೃಷ್ಟಿಯೂ ಮ್ಯಾಂಚೆಸ್ಟರ್ ಯುನೈಟೆಡ್ ತಂಡದ ಮೇಲೆ ನೆಟ್ಟಿತ್ತು. 1955-56ರಲ್ಲಿಯೂ 1956-57ರಲ್ಲಿಯೂ ಲೀಗನ್ನು ಗೆದ್ದಿದ್ದವರು ಅವರೇ. ಸತತವಾಗಿ ಮೂರು ವರ್ಷ ಗೆದ್ದ ಕೀರ್ತಿ ಅಂದಿನವರೆಗೆ ಹಡರ್ಸ್‌ಫೀಲ್ಡ್ ಟೌನ್ ಮತ್ತು ಆರ್ಸೆನಲ್ ಎಂಬ ಎರಡು ಸಂಘಗಳಿಗೆ ಮಾತ್ರ ದೊರೆತಿತ್ತು. ಮೂರನೆಯವರಾಗುವ ಅವಕಾಶ ಮ್ಯಾಂಚೆಸ್ಟರಿನವರ ಕೈಗೆ ಎಟುಕುವಷ್ಟು ಸಮೀಪದಲ್ಲಿತ್ತು.

ಈ ತಂಡವನ್ನು ಕಟ್ಟಿದವನು ಮ್ಯಾಟ್ ಬಸ್ಬಿ. ಸ್ಕಾಟ್ಲೆಂಡಿನ ಕಲ್ಲಿದ್ದಲ ಗಣಿಯ ಹಳ್ಳಿಯೊಂದರಲ್ಲಿ ಹುಟ್ಟಿದ ಇವನು ಬಾಲ್ಯದಲ್ಲಿಯೇ ತಂದೆಯನ್ನು ಮೊದಲನೆಯ ಮಹಾಯುದ್ಧದಲ್ಲಿ ಕಳೆದುಕೊಂಡಿದ್ದನು. 1945ರಲ್ಲಿ ಯುನೈಟೆಡ್ ಸಂಘದ ವ್ಯವಸ್ಥಾಪಕನಾಗಿ ಬಂದಾಗ ಅವನಿಗೆ ಸಿಕ್ಕಿದ್ದು ಪಾಳುಬಿದ್ದ ಕ್ರೀಡಾಂಗಣ. ಓಲ್ಡ್ ಟ್ರಾಫರ್ಡ್ ಎಂಬ ಆ ಅಂಗಣ 1941ರ ಬಾಂಬ್ ದಾಳಿಗೆ ಸಿಕ್ಕಿ ಹಾಳಾಗಿತ್ತು. 1949ರವರೆಗೆ ಯುನೈಟೆಡ್ ತಂಡ ನೆರೆಯ ಮ್ಯಾಂಚೆಸ್ಟರ್ ಸಿಟಿ ಸಂಘದ ಅಂಗಳದಲ್ಲಿಯೇ ತನ್ನ ‘ತವರಿನ’ ಪಂದ್ಯಗಳನ್ನು ಆಡಬೇಕಾಯಿತು. ಬೇರೆ ಸಂಘಗಳು ಹೆಸರಾಂತ ಆಟಗಾರರನ್ನು ಹಣ ತೆತ್ತು ಕೊಳ್ಳುತ್ತಿದ್ದಾಗ, ಬಸ್ಬಿಯೂ ಅವನ ಸಹಾಯಕನಾದ ಜಿಮ್ಮಿ ಮರ್ಫಿಯೂ ಶಾಲೆಗಳ ಮೈದಾನಗಳನ್ನು ಸುತ್ತಿ ಹದಿನಾಲ್ಕು ಹದಿನೈದರ ಹುಡುಗರನ್ನು ಆರಿಸಿ ತಂದರು. ಸಸಿ ಮಡಿಯಲ್ಲಿಯೇ ಎಬ್ಬಿಸಿದ ಪೈರಿನಂತೆ ಆ ಹುಡುಗರು ಒಟ್ಟಿಗೆ ಬೆಳೆದರು. ಅವರ ಸರಾಸರಿ ವಯಸ್ಸು ಇಪ್ಪತ್ತೆರಡರ ಆಸುಪಾಸಿನಲ್ಲಿದ್ದಾಗಲೇ ದೇಶದ ಲೀಗನ್ನು ಗೆದ್ದರು. ಜನ ಅವರನ್ನು ‘ಬಸ್ಬಿಯ ಕೂಸುಗಳು’ ಎಂದು ಕರೆದರು.

ಆ ಕೂಸುಗಳಲ್ಲಿ ಡಂಕನ್ ಎಡ್ವರ್ಡ್ಸ್ ಎಂಬವನ ಹೆಸರು ಮೊದಲು ಬರುತ್ತದೆ. ಹದಿನಾರನೆಯ ವಯಸ್ಸಿನಲ್ಲಿ ಪ್ರಥಮ ದರ್ಜೆಯ ಪಂದ್ಯವಾಡಿ, ಹದಿನೆಂಟರಲ್ಲಿ ಇಂಗ್ಲೆಂಡಿನ ರಾಷ್ಟ್ರೀಯ ತಂಡಕ್ಕೆ ಏರಿದವನು ಅವನು. ರಕ್ಷಣೆಯೋ ದಾಳಿಯೋ, ಎಡಗಾಲೋ ಬಲಗಾಲೋ, ಅವನಿಗೆ ಎಲ್ಲವೂ ಒಂದೇ. ಇಷ್ಟಾಗಿಯೂ ಅವನು ಅಭ್ಯಾಸಕ್ಕೆ ಬರುತ್ತಿದ್ದುದು ಸೈಕಲ್ಲಿನ ಮೇಲೆ. ಆಗ ಆಟಗಾರನಿಗೆ ಇಂತಿಷ್ಟಕ್ಕಿಂತ ಹೆಚ್ಚು ಸಂಬಳ ಕೊಡಕೂಡದೆಂಬ ನಿಯಮವಿತ್ತು. ವಾರಕ್ಕೆ 17 ಪೌಂಡು ಅದರ ಮಿತಿ. ಆ ನಿಯಮ ರದ್ದಾದದ್ದು 1961ರಲ್ಲಿ. ಅರವತ್ತು ಸಾವಿರ ಜನರ ಚಪ್ಪಾಳೆಯನ್ನು ಪಡೆದ ತರುಣ, ಪಂದ್ಯ ಮುಗಿದ ಮೇಲೆ ಆ ಜನರ ನಡುವೆಯೇ ಮನೆಗೆ ಹೋಗುತ್ತಿದ್ದ ಕಾಲ ಅದು.

ಯುನೈಟೆಡ್ ತಂಡದ ಪ್ರಬಲ ಪ್ರತಿಸ್ಪರ್ಧಿ ವುಲ್ವರ್‌ಹ್ಯಾಂಪ್ಟನ್ ವಾಂಡರರ್ಸ್. ಜನರ ಬಾಯಲ್ಲಿ ಅದು ‘ವುಲ್ವ್ಸ್’, ಎಂದರೆ ತೋಳಗಳು. ಸ್ಟಾನ್ ಕಲಿಸ್ ಅದರ ವ್ಯವಸ್ಥಾಪಕ. ಇಂಗ್ಲೆಂಡ್ ತಂಡದ ನಾಯಕನೂ ಆಗಿದ್ದ ಬಿಲ್ಲಿ ರೈಟ್ ಅದರ ನಾಯಕ. ಅವರದು ನೇರವಾದ, ಬಿರುಸಾದ, ದಣಿವರಿಯದ ಆಟ. ಡಂಕನ್ ಎಡ್ವರ್ಡ್ಸನ ಹುಟ್ಟೂರಾದ ಡಡ್ಲಿ ವುಲ್ವರ್‌ಹ್ಯಾಂಪ್ಟನ್ನಿಗೆ ಕೆಲವೇ ಮೈಲಿಗಳ ದೂರದಲ್ಲಿದ್ದರೂ ಅವನು ಮ್ಯಾಂಚೆಸ್ಟರನ್ನು ಆರಿಸಿಕೊಂಡದ್ದು ಆ ಊರಿನವರಿಗೆ ನುಂಗಲಾರದ ತುತ್ತಾಗಿತ್ತು. 1958ರ ಫೆಬ್ರವರಿಯ ಮೊದಲ ವಾರದ ಹೊತ್ತಿಗೆ ವುಲ್ವ್ಸ್ ಪಟ್ಟಿಯ ತುದಿಯಲ್ಲಿತ್ತು. ಯುನೈಟೆಡ್ ಆರು ಅಂಕಗಳಷ್ಟು ಹಿಂದಿತ್ತು. ಇನ್ನು ಉಳಿದಿದ್ದುವು 14 ಪಂದ್ಯಗಳು. ಫೆಬ್ರವರಿ 8ರ ಶನಿವಾರ ಈ ಎರಡು ತಂಡಗಳೂ ಓಲ್ಡ್ ಟ್ರಾಫರ್ಡಿನಲ್ಲಿ ಎದುರುಬದುರಾಗಬೇಕಿತ್ತು. ಗೆದ್ದರೆ ಅಂತರ ನಾಲ್ಕಕ್ಕೆ ಇಳಿಯುವುದು. ಸೋತರೆ ಎಂಟಕ್ಕೆ ಏರುವುದು. ಹೀಗಾಗಿ ಆ ಶನಿವಾರ ಋತುವಿನ ನಿರ್ಣಾಯಕ ದಿನವೆಂದು ಎಲ್ಲರೂ ಭಾವಿಸಿದ್ದರು.

ಆದರೆ ಯುನೈಟೆಡ್ ತಂಡಕ್ಕೆ ಆ ವಾರ ಬೇರೊಂದು ಕೆಲಸವೂ ಇತ್ತು. ಯೂರೋಪಿನ ನಾನಾ ದೇಶಗಳ ವಿಜೇತ ಸಂಘಗಳ ನಡುವೆ ‘ಯೂರೋಪಿಯನ್ ಕಪ್’ ಎಂಬ ಸ್ಪರ್ಧೆ 1955ರಲ್ಲಿ ಆರಂಭವಾಗಿತ್ತು. ಇಂಗ್ಲೆಂಡಿನ ಲೀಗಿನ ಅಧಿಕಾರಿಗಳಿಗೆ ಅದು ಹಿಡಿಸಲಿಲ್ಲ. ಮೊದಲನೆಯ ವರ್ಷ ಚೆಲ್ಸಿ ಸಂಘ ಅವರ ಮಾತಿಗೆ ಮಣಿದು ಸ್ಪರ್ಧೆಯಿಂದ ದೂರ ಉಳಿಯಿತು. ಮರುವರ್ಷ ಬಸ್ಬಿ ಮಣಿಯಲಿಲ್ಲ. ಕಾಲ್ಚೆಂಡಾಟದ ಭವಿಷ್ಯ ದೇಶದೇಶಗಳ ನಡುವಣ ಇಂತಹ ಪಂದ್ಯಗಳಲ್ಲಿದೆ ಎಂಬುದನ್ನು ಅವನು ಕಂಡುಕೊಂಡಿದ್ದನು. ಅವನು ಕಂಡದ್ದು ಸರಿಯೆಂದು ಕಾಲ ತೋರಿಸಿತು. ಆದರೆ ವಾರದ ನಡುವೆ ಪರದೇಶದಲ್ಲಿ ಆಡಿ, ಶನಿವಾರಕ್ಕೆ ಮೊದಲು ಮನೆ ಸೇರುವುದು ಅಂದಿನ ವಿಮಾನಗಳಲ್ಲಿ ಸುಲಭವಾಗಿರಲಿಲ್ಲ. 1957ರ ಡಿಸೆಂಬರಿನಲ್ಲಿ ಪ್ರಾಗ್ ನಗರದಿಂದ ಮರಳುವಾಗ ಮಂಜು ಕವಿದು ವಿಮಾನ ಮ್ಯಾಂಚೆಸ್ಟರಿಗೆ ಹೋಗಲಾರದೆ, ತಂಡ ಆಮ್ಸ್ಟರ್‌ಡ್ಯಾಮಿನವರೆಗೆ ವಿಮಾನದಲ್ಲಿ, ಅಲ್ಲಿಂದ ಹಡಗಿನಲ್ಲಿ, ಆಮೇಲೆ ರೈಲಿನಲ್ಲಿ ಪ್ರಯಾಣ ಮಾಡಿ ಬಳಲಿ ಬಂದಿತ್ತು. ಆ ಶನಿವಾರ ಬರ್ಮಿಂಗ್‌ಹ್ಯಾಮಿನಲ್ಲಿ ಪಂದ್ಯ 3-3ರಲ್ಲಿ ಸಮವಾಯಿತು. ಇಂತಹ ತೊಂದರೆ ಮತ್ತೆ ಬಾರದಿರಲೆಂದು ಸಂಘವು ಮುಂದಿನ ಪ್ರಯಾಣಕ್ಕೆ ತನಗಾಗಿಯೇ ಒಂದು ವಿಮಾನವನ್ನು ಬಾಡಿಗೆಗೆ ಗೊತ್ತುಮಾಡಿತು.

ಫೆಬ್ರವರಿ 1ರಂದು ಲಂಡನ್ನಿನಲ್ಲಿ ಆರ್ಸೆನಲ್ ತಂಡದೊಡನೆ ನಡೆದ ಲೀಗ್ ಪಂದ್ಯವನ್ನು ಕಂಡವರು ಬಹುಕಾಲ ಅದನ್ನು ನೆನೆದರು. ಅರ್ಧ ಸಮಯಕ್ಕೆ ಯುನೈಟೆಡ್ ಮೂರು ಗೋಲುಗಳಿಂದ ಮುಂದಿತ್ತು. ವಿರಾಮದ ನಂತರ ಆರ್ಸೆನಲ್ಲಿನವರು ಕೆಲವೇ ನಿಮಿಷಗಳಲ್ಲಿ ಮೂರು ಗೋಲು ಹೊಡೆದು ಸಮಮಾಡಿದರು. ಇಂತಹ ಹೊತ್ತಿನಲ್ಲಿ ಎಳೆಯರ ತಂಡ ಕಂಗೆಡುವುದು ಸಹಜ. ಯುನೈಟೆಡ್ ಕಂಗೆಡದೆ ಮತ್ತೆರಡು ಗೋಲುಗಳನ್ನು ಗಳಿಸಿ 5-4ರಿಂದ ಗೆದ್ದಿತು. ಅಲ್ಲಿಂದ ತಂಡ ಯುಗೊಸ್ಲಾವಿಯದ ಬೆಲ್‌ಗ್ರೇಡಿಗೆ ಹೋಗಿ, ಫೆಬ್ರವರಿ 5ರ ಬುಧವಾರ ರೆಡ್ ಸ್ಟಾರ್ ಸಂಘದೊಡನೆ 3-3ರಲ್ಲಿ ಸಮಮಾಡಿಕೊಂಡಿತು. ಮೊದಲ ಪಂದ್ಯವನ್ನು ಓಲ್ಡ್ ಟ್ರಾಫರ್ಡಿನಲ್ಲಿ 2-1ರಿಂದ ಗೆದ್ದಿದ್ದ ಕಾರಣ ಕಪ್ಪಿನ ಉಪಾಂತ್ಯ ಸುತ್ತಿಗೆ ತೇರ್ಗಡೆಯಾಯಿತು. ಉಳಿದದ್ದು ಮನೆಗೆ ಮರಳುವುದು. ಶನಿವಾರ ವುಲ್ವ್ಸ್ ತಂಡವನ್ನು ಎದುರಿಸುವುದು.

ಫೆಬ್ರವರಿ 6ರ ಗುರುವಾರ ಬೆಳಿಗ್ಗೆ ಬೆಲ್‌ಗ್ರೇಡಿನಲ್ಲಿ ಆಟಗಾರನೊಬ್ಬನ ಪಾಸ್‌ಪೋರ್ಟು ಸಿಕ್ಕದೆ ವಿಮಾನ ಹೊರಡುವುದು ಸುಮಾರು ಒಂದು ಗಂಟೆ ತಡವಾಯಿತು. ಇಂಧನ ತುಂಬಿಕೊಳ್ಳಲು ಜರ್ಮನಿಯ ಮ್ಯೂನಿಕ್ ನಗರದಲ್ಲಿ ಇಳಿದಾಗ ಅಲ್ಲಿ ಹಿಮ ಬೀಳುತ್ತಿತ್ತು. ಎರಡು ಎಂಜಿನ್ನುಗಳ ಆ ವಿಮಾನದಲ್ಲಿ ಆಟಗಾರರು, ಸಂಘದ ಸಿಬ್ಬಂದಿ, ಪತ್ರಿಕಾ ವರದಿಗಾರರು, ಚಾಲಕರು ಎಲ್ಲ ಸೇರಿ 44 ಮಂದಿ ಇದ್ದರು. ಮೊದಲ ಸಲ ಮೇಲೇರಲು ಹೊರಟಾಗ ಎಂಜಿನ್ನಿನ ಸದ್ದು ಸರಿಯಿಲ್ಲವೆಂದು ಚಾಲಕರು ವಿಮಾನವನ್ನು ತಡೆದು ನಿಲ್ಲಿಸಿದರು. ಎರಡನೆಯ ಸಲವೂ ಹಾಗೆಯೇ ಆಯಿತು. ಪ್ರಯಾಣಿಕರು ಕೆಳಗಿಳಿದು ನಿಲ್ದಾಣದ ಕೊಠಡಿಯಲ್ಲಿ ಕಾದರು. ಇಂದು ಪ್ರಯಾಣ ಸಾಗದೆಂದು ತಿಳಿದ ಡಂಕನ್ ಎಡ್ವರ್ಡ್ಸ್ ಮ್ಯಾಂಚೆಸ್ಟರಿನಲ್ಲಿ ತಾನು ವಾಸವಾಗಿದ್ದ ಮನೆಯೊಡತಿಗೆ, ವಿಮಾನ ರದ್ದಾಗಿದೆ, ನಾಳೆ ಬರುವೆನೆಂದು ತಂತಿ ಕಳುಹಿಸಿದನು.

ರಾತ್ರಿ ಅಲ್ಲಿಯೇ ತಂಗಿ ಎಂಜಿನ್ನನ್ನು ಸರಿಪಡಿಸಿಕೊಳ್ಳುವುದು ಒಂದು ದಾರಿ. ಎಂಜಿನ್ನಿನ ವೇಗವನ್ನು ನಿಧಾನವಾಗಿ ಏರಿಸುತ್ತ ಇನ್ನೊಮ್ಮೆ ಪ್ರಯತ್ನಿಸುವುದು ಮತ್ತೊಂದು. ಮುಖ್ಯ ಚಾಲಕ ಜೇಮ್ಸ್ ಥೇನ್ ಎರಡನೆಯದನ್ನು ಆರಿಸಿಕೊಂಡನು. ಪ್ರಯಾಣಿಕರನ್ನು ಮತ್ತೆ ಕರೆದರು. ಕೆಲವರು ಭಯದಿಂದ ಹಿಂಭಾಗದ ಆಸನಗಳಿಗೆ ಸರಿದು ಕುಳಿತರು. ಅಪಾಯವಾದರೆ ಅಲ್ಲಿ ಹೆಚ್ಚು ಸುರಕ್ಷಿತವೆಂಬುದು ಅವರ ನಂಬಿಕೆ. ಮಧ್ಯಾಹ್ನ 3 ಗಂಟೆ 4 ನಿಮಿಷಕ್ಕೆ ಮೂರನೆಯ ಪ್ರಯತ್ನದಲ್ಲಿ ವಿಮಾನ ಓಡುದಾರಿಯ ಅರ್ಧಕ್ಕಿಂತ ಹೆಚ್ಚನ್ನು ದಾಟಿತು. ವೇಗ 117 ನಾಟ್‌ಗಳಿಗೆ ಏರಿ, ಇನ್ನೇನು ನೆಲ ಬಿಡಬೇಕು ಎನ್ನುವಾಗ ಇದ್ದಕ್ಕಿದ್ದಂತೆ ಇಳಿಯಿತು. ನಿಲ್ಲಿಸಲು ದಾರಿ ಉಳಿದಿರಲಿಲ್ಲ. ವಿಮಾನ ಬೇಲಿಯನ್ನು ಮುರಿದು ಮನೆಯೊಂದಕ್ಕೆ ಬಡಿದು ಹೋಳಾಯಿತು.

ಗೋಲ್‌ರಕ್ಷಕ ಹ್ಯಾರಿ ಗ್ರೆಗ್ ಡಿಸೆಂಬರಿನಲ್ಲಿ ತಾನೆ ತಂಡಕ್ಕೆ ಸೇರಿದವನು. ಮುರಿದ ವಿಮಾನದ ರಂಧ್ರವೊಂದರಿಂದ ಹೊರಗೆ ಬಂದ ಅವನಿಗೆ ಓಡಿಹೋಗುವಂತೆ ಕೂಗಿ ಹೇಳಿದರು. ಇಂಧನ ಯಾವ ಗಳಿಗೆಯಲ್ಲಾದರೂ ಸಿಡಿಯಬಹುದಿತ್ತು. ಅವನು ಓಡಲಿಲ್ಲ. ಒಳಗೆ ಮಗುವಿನ ಅಳು ಕೇಳಿ ಮತ್ತೆ ನುಗ್ಗಿ ಮಗುವನ್ನು ಹೊರತಂದನು. ಅದರ ತಾಯಿಯನ್ನೂ ಎಳೆದು ತಂದನು. ಪ್ರಜ್ಞೆತಪ್ಪಿ ಬಿದ್ದಿದ್ದ ಬಾಬಿ ಚಾರ್ಲ್ಟನ್ ಮತ್ತು ಡೆನಿಸ್ ವಯೊಲೆಟ್ ಎಂಬ ಜೊತೆಗಾರರನ್ನು ಸೊಂಟಪಟ್ಟಿ ಹಿಡಿದು ದೂರಕ್ಕೆ ಎಳೆದನು.

ಆ ಅಪಘಾತದಲ್ಲಿ ಒಟ್ಟು 23 ಮಂದಿ ಮಡಿದರು. ನಾಯಕ ರೋಜರ್ ಬರ್ನ್, ಟಾಮಿ ಟೇಲರ್, ಎಡ್ಡಿ ಕೋಲ್ಮನ್, ಮಾರ್ಕ್ ಜೋನ್ಸ್, ಡೇವಿಡ್ ಪೆಗ್, ಲಿಯಾಮ್ ವೇಲನ್, ಜೆಫ್ ಬೆಂಟ್ ಎಂಬ ಏಳು ಮಂದಿ ಆಟಗಾರರು ಅಂದೇ ಅಸುನೀಗಿದರು. ಸಂಘದ ಕಾರ್ಯದರ್ಶಿ, ಇಬ್ಬರು ತರಬೇತುದಾರರು, ಎಂಟು ಮಂದಿ ಪತ್ರಿಕಾ ವರದಿಗಾರರು ಸತ್ತರು. ಬಸ್ಬಿಯ ಸ್ಥಿತಿ ಎಷ್ಟು ವಿಷಮವಾಗಿತ್ತೆಂದರೆ ಪಾದ್ರಿಗಳು ಅವನಿಗೆ ಅಂತ್ಯಸಂಸ್ಕಾರದ ಪ್ರಾರ್ಥನೆಯನ್ನೂ ಸಲ್ಲಿಸಿದರು. ಎಡ್ವರ್ಡ್ಸ್ ಆಸ್ಪತ್ರೆಯಲ್ಲಿ ಸಾವಿನೊಡನೆ ಹೋರಾಡುತ್ತಿದ್ದನು. ಜಾನಿ ಬೆರಿ, ಜಾಕಿ ಬ್ಲಾಂಚ್‌ಫ್ಲವರ್ ಇಬ್ಬರೂ ಬದುಕಿದರು. ಆದರೆ ಮತ್ತೆಂದೂ ಆಡಲಿಲ್ಲ.

ಈ ದುರಂತಕ್ಕೆ ಕಾರಣವೇನು? ರೆಕ್ಕೆಗಳ ಮೇಲಿನ ಹಿಮಗಡ್ಡೆಯನ್ನು ತೆಗೆಸದೆ ಹೊರಟದ್ದೇ ಕಾರಣವೆಂದು ಜರ್ಮನಿಯ ವಿಚಾರಣಾ ಮಂಡಲಿ ತೀರ್ಮಾನಿಸಿ ಥೇನನ ಮೇಲೆ ದೋಷ ಹೊರಿಸಿತು. ಬದುಕುಳಿದಿದ್ದ ಥೇನ್ ಕೆಲಸ ಕಳೆದುಕೊಂಡನು, ಆದರೆ ಒಪ್ಪಲಿಲ್ಲ. ಓಡುದಾರಿಯ ಮೇಲೆ ಅರೆಕರಗಿ ನಿಂತಿದ್ದ ಹಿಮದ ರಾಡಿ ಚಕ್ರಗಳನ್ನು ಹಿಡಿದೆಳೆಯಿತೆಂಬುದು ಅವನ ವಾದ. ನಮ್ಮ ಗದ್ದೆಯ ಕೆಸರಿನಲ್ಲಿ ಗಾಡಿ ಹೊಡೆದವರಿಗೆ ಈ ವಾದ ಸುಲಭವಾಗಿ ಅರ್ಥವಾಗುತ್ತದೆ. ತಜ್ಞರು ಅದನ್ನು ಒಪ್ಪಲು ವರ್ಷಗಳ ಪ್ರಯೋಗಗಳು ಬೇಕಾದುವು. ರಾಡಿಯ ಆಳ ಅರ್ಧ ಅಂಗುಲದಷ್ಟಿದ್ದರೂ ವಿಮಾನದ ವೇಗ ಕುಗ್ಗುತ್ತದೆಂಬುದು ಅವುಗಳಿಂದ ಸಿದ್ಧವಾಯಿತು. 1969ರಲ್ಲಿ ಬ್ರಿಟನ್ನಿನ ವಿಚಾರಣಾ ವರದಿ ಥೇನನನ್ನು ದೋಷಮುಕ್ತನೆಂದು ಸಾರಿತು. ಹನ್ನೊಂದು ವರ್ಷ ಹೋರಾಡಿದ ಆತ 1975ರಲ್ಲಿ, ಐವತ್ತಮೂರನೆಯ ವಯಸ್ಸಿನಲ್ಲಿ, ಹೃದಯಾಘಾತದಿಂದ ತೀರಿಕೊಂಡನು. ನಿರಪರಾಧಿಯೊಬ್ಬನಿಗೆ ನ್ಯಾಯ ಇಷ್ಟು ತಡವಾಗಿ ದೊರೆತದ್ದು ಈ ಕಥೆಯ ಇನ್ನೊಂದು ದುರಂತವೇ ಸರಿ.

ಜಿಮ್ಮಿ ಮರ್ಫಿ ಆ ವಿಮಾನದಲ್ಲಿ ಇರಲಿಲ್ಲ. ಅವನು ವೇಲ್ಸ್ ದೇಶದ ತಂಡಕ್ಕೂ ವ್ಯವಸ್ಥಾಪಕನಾಗಿದ್ದುದರಿಂದ ಆ ವಾರ ಕಾರ್ಡಿಫ್ ನಗರದಲ್ಲಿ ಇಸ್ರೇಲಿನೊಡನೆ ನಡೆದ ಪಂದ್ಯಕ್ಕೆ ಹೋಗಿದ್ದನು. ಗೆಲುವಿನ ಸಂತೋಷದಿಂದ ಗುರುವಾರ ಓಲ್ಡ್ ಟ್ರಾಫರ್ಡಿಗೆ ಮರಳಿದಾಗ ಕಚೇರಿಯ ಮಹಿಳೆಯೊಬ್ಬಳು ಅವನಿಗೆ ಸುದ್ದಿ ತಿಳಿಸಿದಳು. ಮರುದಿನ ಅವನು ಮ್ಯೂನಿಕ್ಕಿಗೆ ಹೋದನು. ಬಸ್ಬಿ ಕ್ಷೀಣವಾದ ದನಿಯಲ್ಲಿ, ತಾನು ಬರುವವರೆಗೆ ಸಂಘದ ಬಾವುಟವನ್ನು ಇಳಿಸಬೇಡವೆಂದು ಕೇಳಿಕೊಂಡನು. ಎಡ್ವರ್ಡ್ಸನ ಹಾಸಿಗೆಯ ಬಳಿಗೆ ಹೋದಾಗ ಆ ತರುಣ, ವುಲ್ವ್ಸ್ ತಂಡದೊಡನೆ ಪಂದ್ಯ ಎಷ್ಟು ಗಂಟೆಗೆ ಎಂದು ವಿಚಾರಿಸಿದನೆಂದು ಮರ್ಫಿ ಮುಂದೆ ಹೇಳುತ್ತಿದ್ದನು.

ಆ ಶನಿವಾರ ಇಂಗ್ಲೆಂಡಿನ ಉಳಿದ ಅಂಗಳಗಳಲ್ಲಿ ಆಟಗಾರರು ತೋಳಿಗೆ ಕಪ್ಪುಪಟ್ಟಿ ಕಟ್ಟಿ, ಮೌನ ಆಚರಿಸಿ ಆಡಿದರು. ಓಲ್ಡ್ ಟ್ರಾಫರ್ಡಿನ ಪಂದ್ಯ ಮುಂದಕ್ಕೆ ಹೋಯಿತು. ಅಂಗಣದ ಕಟ್ಟಡದ ವ್ಯಾಯಾಮಶಾಲೆಯಲ್ಲಿ, ಹುಡುಗರು ದಿನವೂ ಕಸರತ್ತು ಮಾಡುತ್ತಿದ್ದ ಕಡೆಯಲ್ಲಿಯೇ, ಅವರ ಶವಪೆಟ್ಟಿಗೆಗಳನ್ನು ತಂದು ಸಾಲಾಗಿ ಇರಿಸಿದರು. ಮಳೆಯಲ್ಲಿ ಜನ ರಸ್ತೆಯ ಇಕ್ಕೆಲಗಳಲ್ಲಿ ನಿಂತಿದ್ದರು.

ಮುಂದೇನು ಮಾಡಬೇಕೆಂಬುದು ಮರ್ಫಿಯ ಎದುರಿಗಿದ್ದ ಪ್ರಶ್ನೆ. ಆ ವರ್ಷದ ಮಟ್ಟಿಗೆ ಆಟವನ್ನೇ ನಿಲ್ಲಿಸಿಬಿಡಬೇಕೆಂದು ಯಾರಾದರೂ ಸಲಹೆ ಮಾಡಿದ್ದರೆ ಅದನ್ನು ತಪ್ಪೆನ್ನುವಂತಿರಲಿಲ್ಲ. ಆದರೆ ಸಂಘ ಮುಂದುವರಿಯುವುದೆಂದು ಅದರ ಅಧ್ಯಕ್ಷ ಹೆರಾಲ್ಡ್ ಹಾರ್ಡ್‌ಮನ್ ಸಾರಿದನು. ಬಿಷಪ್ ಆಕ್ಲೆಂಡ್ ಎಂಬ ಹವ್ಯಾಸಿಗಳ ಸಣ್ಣ ಸಂಘವು ತನ್ನ ಮೂವರು ಆಟಗಾರರನ್ನು ಕಳುಹಿಸಿಕೊಟ್ಟಿತು. ಮರ್ಫಿ ಬ್ಲ್ಯಾಕ್‌ಪೂಲಿನಿಂದ ಎರ್ನಿ ಟೇಲರನನ್ನೂ ಆಸ್ಟನ್ ವಿಲ್ಲದಿಂದ ಸ್ಟಾನ್ ಕ್ರೌಥರನನ್ನೂ ಕೊಂಡನು. ಉಳಿದ ಸ್ಥಾನಗಳಿಗೆ ಎಳೆಯರ ತಂಡದ, ಮೀಸಲು ತಂಡದ ಹುಡುಗರೇ ಗತಿ.

ಫೆಬ್ರವರಿ 19ರಂದು, ದುರಂತದ ಹದಿಮೂರನೆಯ ದಿನ, ಇಂಗ್ಲೆಂಡಿನ ಕಪ್ಪಿನ ಸ್ಪರ್ಧೆಯಲ್ಲಿ ಷೆಫೀಲ್ಡ್ ವೆಡ್ನೆಸ್‌ಡೇ ತಂಡದೊಡನೆ ಪಂದ್ಯ ಗೊತ್ತಾಯಿತು. ಪ್ರತಿ ಪಂದ್ಯಕ್ಕೂ ಎರಡು ತಂಡಗಳ ಆಟಗಾರರ ಹೆಸರುಗಳಿರುವ ಒಂದು ಕಾರ್ಯಕ್ರಮ ಪತ್ರಿಕೆಯನ್ನು ಅಚ್ಚುಹಾಕಿಸಿ ಮಾರುವುದು ವಾಡಿಕೆ. ಅಂದಿನ ಪತ್ರಿಕೆಯಲ್ಲಿ ಷೆಫೀಲ್ಡಿನವರ ಹನ್ನೊಂದು ಹೆಸರುಗಳಿದ್ದುವು. ಯುನೈಟೆಡ್ ಎಂಬ ತಲೆಬರಹದ ಕೆಳಗೆ ಹನ್ನೊಂದು ಖಾಲಿ ಜಾಗಗಳಿದ್ದುವು. ಯಾರು ಆಡುವರೆಂಬುದು ಅಚ್ಚಿನ ಹೊತ್ತಿಗೆ ಯಾರಿಗೂ ತಿಳಿದಿರಲಿಲ್ಲ. ಕ್ರೌಥರನ ಸೇರ್ಪಡೆಯ ಕಾಗದಕ್ಕೆ ಸಹಿಯಾದದ್ದು ಆಟ ಆರಂಭವಾಗುವುದಕ್ಕೆ ಸುಮಾರು ಒಂದು ಗಂಟೆ ಮೊದಲು. ಒಂದೇ ವರ್ಷ ಕಪ್ಪಿನ ಸ್ಪರ್ಧೆಯಲ್ಲಿ ಎರಡು ಸಂಘಗಳ ಪರವಾಗಿ ಆಡಬಾರದೆಂಬ ನಿಯಮವನ್ನು ಅವನಿಗಾಗಿ ಸಡಿಲಿಸಿದ್ದರು.

ಸುಮಾರು ಅರವತ್ತು ಸಾವಿರ ಜನ ಸೇರಿದ್ದರು. ಗಣಿಯಲ್ಲಿ ದುಡಿದು ಬಂದಿದ್ದ ಬಿಲ್ ಫೋಕ್ಸ್ ನಾಯಕನಾಗಿ ಮುಂದೆ ನಡೆದನು. ಹಿಂದೆ ಹ್ಯಾರಿ ಗ್ರೆಗ್. ಮ್ಯೂನಿಕ್ಕಿನಿಂದ ಬದುಕಿ ಬಂದವರಲ್ಲಿ ಅಂದು ಆಡಿದವರು ಇವರಿಬ್ಬರೇ. ಷೇ ಬ್ರೆನನ್ ಎಂಬ ಇಪ್ಪತ್ತರ ತರುಣ ಆ ಹಿಂದೆ ಮೊದಲನೆಯ ತಂಡಕ್ಕೆ ಆಡಿದವನೇ ಅಲ್ಲ. ಅವನು ಮೂಲೆಯಿಂದ ಒದ್ದ ಚೆಂಡು ನೇರವಾಗಿ ಗೋಲಿನೊಳಗೆ ಹೋಯಿತು. ಅವನೇ ಇನ್ನೊಂದು ಗೋಲನ್ನೂ ಗಳಿಸಿದನು. ಮೂರನೆಯದನ್ನು ಹೊಡೆದ ಅಲೆಕ್ಸ್ ಡಾಸನನಿಗೆ ಹದಿನೆಂಟು ತುಂಬಲು ಎರಡು ದಿನಗಳು ಉಳಿದಿದ್ದುವು. ಯುನೈಟೆಡ್ 3-0ರಿಂದ ಗೆದ್ದಿತು. ಷೆಫೀಲ್ಡಿನ ಆಟಗಾರರ ಸ್ಥಿತಿಯೂ ಕನಿಕರಪಡುವಂತಹುದೇ ಆಗಿತ್ತೆಂಬುದನ್ನು ಮರೆಯಬಾರದು. ಇಡೀ ದೇಶವೇ ಎದುರಾಳಿಯ ಕಡೆಗಿರುವಾಗ ಯಾರು ತಾನೆ ಮನಸ್ಸಿಟ್ಟು ಆಡಿಯಾರು?

ಎರಡು ದಿನ ಕಳೆದು, ಫೆಬ್ರವರಿ 21ರಂದು, ಡಂಕನ್ ಎಡ್ವರ್ಡ್ಸ್ ತೀರಿಕೊಂಡನು. ಅವನಿಗೆ ಆಗ ಇಪ್ಪತ್ತೊಂದು ವರ್ಷ. ಮರುದಿನ ಶನಿವಾರ. ವೇಳಾಪಟ್ಟಿಯಂತೆ ನಾಟಿಂಗ್‌ಹ್ಯಾಮ್ ಫಾರೆಸ್ಟ್ ತಂಡದೊಡನೆ ಲೀಗ್ ಪಂದ್ಯ. ಅಂಗಳದಲ್ಲಿ ಪ್ರಾರ್ಥನೆ ನಡೆಯಿತು. ಆಮೇಲೆ ಆಟ ನಡೆಯಿತು. 1-1ರಲ್ಲಿ ಸಮವಾಯಿತು.

ಕಪ್ಪಿನ ಆಟಕ್ಕೂ ಲೀಗಿನ ಆಟಕ್ಕೂ ಇರುವ ಅಂತರ ಇಲ್ಲಿಂದ ಮುಂದೆ ಸ್ಪಷ್ಟವಾಯಿತು. ಮಾರ್ಚ್ 5ರಂದು ಕಪ್ಪಿನ ಮರುಪಂದ್ಯದಲ್ಲಿ ವೆಸ್ಟ್ ಬ್ರಾಮ್‌ವಿಚ್ ತಂಡವನ್ನು ಯುನೈಟೆಡ್ 1-0ರಿಂದ ಸೋಲಿಸಿತು. ಮೂರೇ ದಿನಗಳ ಮೇಲೆ ಅದೇ ತಂಡ, ಅದೇ ಓಲ್ಡ್ ಟ್ರಾಫರ್ಡಿನಲ್ಲಿ, ಲೀಗಿನ ಪಂದ್ಯದಲ್ಲಿ ಯುನೈಟೆಡ್ ತಂಡವನ್ನು 4-0ರಿಂದ ಬಡಿಯಿತು. ಆವೇಶ ಒಂದು ಸಂಜೆಯನ್ನು ಗೆಲ್ಲಬಲ್ಲದು. ವಾರವಾರವೂ ಅಷ್ಟೇ ಆವೇಶವನ್ನು ಎಲ್ಲಿಂದ ತರುವುದು? ಈಸ್ಟರ್ ಹಬ್ಬದ ಸಮಯದಲ್ಲಿ, ಏಪ್ರಿಲ್ 4, 5 ಮತ್ತು 7ರಂದು, ನಾಲ್ಕು ದಿನಗಳಲ್ಲಿ ಮೂರು ಲೀಗ್ ಪಂದ್ಯಗಳು ಬಂದುವು. ಚಾರ್ಲ್ಟನ್ ಮಾರ್ಚಿನಿಂದ ಮತ್ತೆ ಆಡುತ್ತಿದ್ದನು. ಉಳಿದವರಲ್ಲಿ ಹಲವರಿಗೆ ಅದು ಇನ್ನೂ ಕಲಿಯುವ ವಯಸ್ಸು. ದುರಂತದ ಅನಂತರದ 14 ಲೀಗ್ ಪಂದ್ಯಗಳಲ್ಲಿ ಯುನೈಟೆಡ್ ಗೆದ್ದದ್ದು ಒಂದೇ ಒಂದು. ಐದು ಸಮವಾದುವು, ಎಂಟರಲ್ಲಿ ಸೋಲು.

ಆ ಒಂದು ಗೆಲುವಿನ ಪರಿಣಾಮವೂ ವಿಚಿತ್ರವಾದುದು. ಏಪ್ರಿಲ್ 7ರಂದು ಯುನೈಟೆಡ್ 2-1ರಿಂದ ಸೋಲಿಸಿದ್ದು ಸಂಡರ್‌ಲೆಂಡ್ ತಂಡವನ್ನು, ಅದೂ ಅವರ ತವರಿನಲ್ಲಿ. ಸಂಡರ್‌ಲೆಂಡ್ 1890ರಲ್ಲಿ ಲೀಗನ್ನು ಸೇರಿದಂದಿನಿಂದ ಒಮ್ಮೆಯೂ ಮೊದಲ ದರ್ಜೆಯಿಂದ ಇಳಿದಿರಲಿಲ್ಲ. ಋತುವಿನ ಕೊನೆಗೆ ಅದರ ಅಂಕಗಳು 32. ನ್ಯೂಕಾಸಲ್ ಮತ್ತು ಪೋರ್ಟ್ಸ್‌ಮತ್ ತಂಡಗಳಿಗೂ ಅಷ್ಟೇ. ಗೋಲುಗಳ ಸರಾಸರಿಯ ಲೆಕ್ಕದಲ್ಲಿ ಹಿಂದೆಬಿದ್ದು ಸಂಡರ್‌ಲೆಂಡ್ ಎರಡನೆಯ ದರ್ಜೆಗೆ ಇಳಿಯಿತು. ಅಂದು ಒಂದು ಅಂಕ ದೊರೆತಿದ್ದರೆ ಅದು ಉಳಿಯುತ್ತಿತ್ತು. ಅದರ ಜೊತೆಗೆ ಇಳಿದ ಇನ್ನೊಂದು ತಂಡ ಷೆಫೀಲ್ಡ್ ವೆಡ್ನೆಸ್‌ಡೇ.

ಮುಂದಕ್ಕೆ ಹೋಗಿದ್ದ ಫೆಬ್ರವರಿಯ ಆ ಶನಿವಾರದ ಪಂದ್ಯ ಏಪ್ರಿಲ್ 21ರಂದು, ಸೋಮವಾರ, ನಡೆಯಿತು. ವುಲ್ವ್ಸ್ ಓಲ್ಡ್ ಟ್ರಾಫರ್ಡಿಗೆ ಬರುವ ಮೊದಲೇ ಲೀಗನ್ನು ಗೆದ್ದಾಗಿತ್ತು. ಅದರ ಆಟದಲ್ಲಿ ದಯೆದಾಕ್ಷಿಣ್ಯಗಳೇನೂ ಇರಲಿಲ್ಲ. ನಾಲ್ಕು ಗೋಲು ಹೊಡೆದು, ಒಂದನ್ನೂ ಬಿಟ್ಟುಕೊಡದೆ ಗೆದ್ದಿತು. ಎದುರಾಳಿಯನ್ನು ಎದುರಾಳಿಯೆಂದೇ ಎಣಿಸಿ ಪೂರ್ಣ ಬಲದಿಂದ ಆಡುವುದೂ ಒಂದು ಗೌರವವೇ. ವುಲ್ವ್ಸ್ ತಂಡದ ಗೆಲುವನ್ನು ಮ್ಯೂನಿಕ್ಕಿನ ಕೊಡುಗೆಯೆಂದು ಹೇಳುವವರು ಆಗಲೂ ಇದ್ದರು. ಅದು ನ್ಯಾಯವಲ್ಲ. ದುರಂತಕ್ಕೆ ಮುಂಚೆಯೇ ಅದು ಆರು ಅಂಕ ಮುಂದಿತ್ತು, ಒಟ್ಟು 64 ಅಂಕಗಳನ್ನೂ 103 ಗೋಲುಗಳನ್ನೂ ಗಳಿಸಿತು, ಮರುವರ್ಷವೂ ಗೆದ್ದಿತು. ಪ್ರೆಸ್ಟನ್ 59 ಅಂಕಗಳೊಡನೆ ಎರಡನೆಯದಾಯಿತು. ಯುನೈಟೆಡ್ ಗಳಿಸಿದ ಅಂಕ 43. ಅವುಗಳಲ್ಲಿ 36 ಫೆಬ್ರವರಿ 6ಕ್ಕೆ ಮುಂಚಿನವು, 7 ಆಮೇಲಿನವು. ಪಟ್ಟಿಯಲ್ಲಿ ಅದಕ್ಕೆ ಸಿಕ್ಕಿದ್ದು ಒಂಬತ್ತನೆಯ ಸ್ಥಾನ.

ಬಸ್ಬಿ ಏಪ್ರಿಲಿನಲ್ಲಿ ಮನೆಗೆ ಮರಳಿದ್ದನು. ಮೇ 3ರಂದು ಇಂಗ್ಲೆಂಡಿನ ಕಪ್ಪಿನ ಅಂತಿಮ ಪಂದ್ಯಕ್ಕೆ ಊರುಗೋಲು ಹಿಡಿದುಕೊಂಡು ಬಂದನು. ಯುನೈಟೆಡ್ ಬೋಲ್ಟನ್ ತಂಡಕ್ಕೆ 2-0ರಿಂದ ಸೋತಿತು. ಯೂರೋಪಿಯನ್ ಕಪ್ಪಿನ ಉಪಾಂತ್ಯದಲ್ಲಿ ಇಟಲಿಯ ಮಿಲಾನ್ ಅದನ್ನು ಹೊರಗಟ್ಟಿತು. ದುರಂತವನ್ನು ನೆನೆದು ಮರುವರ್ಷದ ಸ್ಪರ್ಧೆಗೆ ಯೂರೋಪಿನ ಸಂಸ್ಥೆ ಯುನೈಟೆಡ್ ತಂಡಕ್ಕೆ ವಿಶೇಷ ಆಹ್ವಾನ ನೀಡಿದಾಗ, ಇಂಗ್ಲೆಂಡಿನ ಅಧಿಕಾರಿಗಳು ಹೋಗಲು ಬಿಡಲಿಲ್ಲ.

ಬಸ್ಬಿ ಮತ್ತೆ ಹುಡುಗರನ್ನು ಹುಡುಕತೊಡಗಿದನು. ಹೊಸ ತಂಡ ಸಿದ್ಧವಾಗಲು ಹತ್ತು ವರ್ಷಗಳೇ ಹಿಡಿದುವು. 1968ರ ಮೇ 29ರಂದು ಲಂಡನ್ನಿನ ವೆಂಬ್ಲಿ ಕ್ರೀಡಾಂಗಣದಲ್ಲಿ ಪೋರ್ಚುಗಲ್ಲಿನ ಬೆನ್ಫಿಕ ತಂಡವನ್ನು 4-1ರಿಂದ ಸೋಲಿಸಿ ಯುನೈಟೆಡ್ ಯೂರೋಪಿಯನ್ ಕಪ್ಪನ್ನು ಗೆದ್ದಿತು. ಮ್ಯೂನಿಕ್ಕಿನ ವಿಮಾನದಲ್ಲಿದ್ದ ಆಟಗಾರರಲ್ಲಿ ಇಬ್ಬರು ಅಂದು ಅಂಗಳದಲ್ಲಿದ್ದರು. ಒಬ್ಬ ಬಿಲ್ ಫೋಕ್ಸ್. ಇನ್ನೊಬ್ಬ, ಎರಡು ಗೋಲುಗಳನ್ನು ಹೊಡೆದ ನಾಯಕ ಬಾಬಿ ಚಾರ್ಲ್ಟನ್. ಆ ರಾತ್ರಿ ಹೋಟೆಲಿನಲ್ಲಿ ದೊಡ್ಡ ಔತಣ ನಡೆಯಿತು. ಚಾರ್ಲ್ಟನ್ ಅದಕ್ಕೆ ಹೋಗಲಾಗಲಿಲ್ಲ. ಎದ್ದು ನಿಂತರೆ ತಲೆಸುತ್ತು ಬರುತ್ತಿದ್ದುದರಿಂದ ಮೇಲಿನ ಕೋಣೆಯಲ್ಲಿ ಮಲಗಿದ್ದನು.